ಕಂಬ ತೇಲದಿರಲಿ: ಪರ್ಸ್ಪೆಕ್ಟಿವ್ ಚಿತ್ರದಲ್ಲಿ ಬೀಳುನೆರಳು ಎಳೆಯುವ ಸಮಗ್ರ ಮಾರ್ಗದರ್ಶಿ

ಪರ್ಸ್ಪೆಕ್ಟಿವ್ ಚಿತ್ರ, ಅಂದರೆ ದೂರದ್ದು ಕುಗ್ಗಿ ಕಾಣುವಂತೆ ಬರೆದ ಚಿತ್ರ, ಮುಗಿದಿದೆ. ಮನೆ ಸರಿಯಾಗಿದೆ, ಕಂಬ ನೆಟ್ಟಗಿದೆ, ಜಗಲಿಯ ಗೆರೆಗಳೆಲ್ಲ ಹೋಗಬೇಕಾದ ಬಿಂದುವಿಗೇ ಹೋಗುತ್ತಿವೆ. ನೆರಳು ಹಾಕಿದ್ದೇ ತಡ, ಕಂಬ ನೆಲ ಬಿಟ್ಟು ತೇಲುತ್ತದೆ. ತಿದ್ದಿಕೊಡಿ ಎಂದು ನನ್ನ ಮುಂದೆ ಬರುವ ಚಿತ್ರಗಳಲ್ಲಿ ಹೆಚ್ಚಿನವು ಎಡವುವುದು ಇದೇ ಕಲ್ಲಿಗೆ. ಕೈ ಚೆನ್ನಾಗಿ ಓಡುವವರೂ ಎಡವುತ್ತಾರೆ, ಏಕೆಂದರೆ ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಮೊದಲು ನೆರಳಿನ ಆಕಾರವನ್ನು ಅಂದಾಜಿನಲ್ಲಿ ಎಳೆದು, ಆಮೇಲೆ ಬೆಳಕು ಎಲ್ಲಿಂದ ಬಂದಿರಬಹುದು ಎಂದು ಯೋಚಿಸುತ್ತಾರೆ.

ಕ್ರಮ ಹೀಗಿರಬೇಕು: ಬೆಳಕಿನ ಜಾಗ, ನೆಲದ ಮೇಲೆ ನೆರಳಿನ ದಿಕ್ಕು, ನೆರಳಿನ ಉದ್ದ, ಕೊನೆಯಲ್ಲಿ ಆಕಾರ. ಆಕಾರವನ್ನು ನೀವು ಎಳೆಯುವುದೇ ಇಲ್ಲ. ಬಿಂದುಗಳನ್ನು ಹುಡುಕಿ ಸೇರಿಸಿದರೆ ಅದು ತಾನಾಗಿ ಬರುತ್ತದೆ.

## ಕೈಗೆ ಬೇಕಾದ ಸಾಮಾನು

ಎ3 ಹಾಳೆ, ಅದರ ಕೆಳಗೆ ಹಾಸಲು ಅದರ ಎರಡರಷ್ಟು ದೊಡ್ಡ ಹಾಳೆ ಅಥವಾ ಹಳೆಯ ಕ್ಯಾಲೆಂಡರಿನ ಹಿಂಬದಿ. 2ಎಚ್ ಪೆನ್ಸಿಲ್, ಚೂಪಾದ ಕೆಂಪು ಮತ್ತು ನೀಲಿ ಬಣ್ಣದ ಪೆನ್ಸಿಲ್. 60 ಸೆಂ.ಮೀ. ಅಳತೆಪಟ್ಟಿ, ಕಂಪಾಸ್ ಪೆಟ್ಟಿಗೆಯ ಎರಡೂ ಮೂಲೆಮಟ್ಟಗಳು, ಎರಡು ಗುಂಡುಸೂಜಿ, ಒಂದು ಮೀಟರ್ ಹೊಲಿಗೆ ದಾರ. ಟ್ರೇಸಿಂಗ್ ಹಾಳೆ ಇದ್ದರೆ ನೆರಳಿನ ಗೆರೆಗಳನ್ನು ಅದರ ಮೇಲೆ ಎಳೆಯಬಹುದು, ಮೂಲ ಚಿತ್ರ ಕೊಳೆಯಾಗುವುದಿಲ್ಲ.

ಎರಡು ಬಣ್ಣ ಯಾಕೆ? ನೆಲದ ಮೇಲೆ ಹರಿಯುವ ಗೆರೆಗಳೆಲ್ಲ ನೀಲಿ, ಗಾಳಿಯಲ್ಲಿ ಇಳಿದು ಬರುವ ಕಿರಣಗಳೆಲ್ಲ ಕೆಂಪು. ಈ ಶಿಸ್ತು ತಪ್ಪಿದರೆ ಹತ್ತನೆಯ ಗೆರೆಯ ಹೊತ್ತಿಗೆ ಯಾವುದು ಯಾವುದೆಂದು ನಿಮಗೇ ಗೊತ್ತಾಗುವುದಿಲ್ಲ.

## ಹಂತ 1: ನೆರಳಿಗೆ ಮುನ್ನ ಚಿತ್ರವನ್ನು ಪರೀಕ್ಷಿಸಿ

ದಿಗಂತರೇಖೆಯನ್ನು, ಅಂದರೆ ನಿಮ್ಮ ಕಣ್ಣಿನ ಮಟ್ಟದ ಗೆರೆಯನ್ನು, ಹಾಳೆಯ ಈ ತುದಿಯಿಂದ ಆ ತುದಿಯವರೆಗೆ ಎಳೆಯಿರಿ. ಬಹಳ ಜನ ಚಿತ್ರ ಮುಗಿದ ಮೇಲೆ ಅದನ್ನು ಅಳಿಸಿಬಿಡುತ್ತಾರೆ. ನೆರಳು ಮುಗಿಯುವವರೆಗೆ ಅದು ಇರಲೇಬೇಕು.

ಪ್ರತಿ ವಸ್ತುವಿನ ಬುಡವೂ ಕಾಣಬೇಕು. ಪೆಟ್ಟಿಗೆಯ ಹಿಂದಿನ ಮರೆಯಾದ ಮೂಲೆಗಳನ್ನೂ ಗಾಜಿನ ಪೆಟ್ಟಿಗೆಯಂತೆ ತೆಳುವಾಗಿ ಎಳೆದುಕೊಳ್ಳಿ. ಮರೆಯಲ್ಲಿರುವ ಮೂಲೆಯ ನೆರಳು ಹೊರಗೆ ಇಣುಕುವುದುಂಟು. ಅದನ್ನು ಬಿಟ್ಟರೆ ನೆರಳಿಗೆ ಒಂದು ಮೂಲೆ ಕಡಿಮೆಯಾಗುತ್ತದೆ.

## ಹಂತ 2: ದೀಪವೋ, ಬಿಸಿಲೋ ತೀರ್ಮಾನಿಸಿ

ಎಲ್ಲ ಗೊಂದಲದ ತಾಯಿಬೇರು ಇಲ್ಲಿದೆ. ದೀಪ, ಬಲ್ಬು, ಬೀದಿದೀಪ ಹತ್ತಿರದ ಬೆಳಕುಗಳು. ಅವುಗಳ ಕಿರಣಗಳು ಒಂದು ಬಿಂದುವಿನಿಂದ ಹರಡುತ್ತವೆ, ಹಾಗಾಗಿ ಅವುಗಳಿಗೆ ನೆಲದ ಮೇಲೆ ಒಂದು ಪಾದವಿರುತ್ತದೆ: ದೀಪದಿಂದ ತೂಗುಗುಂಡು ಇಳಿಬಿಟ್ಟರೆ ಅದು ನೆಲ ಮುಟ್ಟುವ ಜಾಗ. ಸೂರ್ಯ ಎಷ್ಟು ದೂರವೆಂದರೆ ಅವನ ಕಿರಣಗಳು ಒಂದಕ್ಕೊಂದು ಸಮಾಂತರ ಎಂದೇ ಹಿಡಿಯಬೇಕು. ಅವನಿಗೆ ಅಂಗಳದಲ್ಲಿ ಪಾದವಿಲ್ಲ. ಅವನ ಪಾದವಿರುವುದು ದಿಗಂತರೇಖೆಯ ಮೇಲೆ.

ಸೂರ್ಯನಿಗೆ ಅಂಗಳದಲ್ಲಿ ಪಾದವಿಟ್ಟರೆ ತೆಂಗಿನ ಮರಗಳ ನೆರಳು ಬೀದಿದೀಪದ ಸುತ್ತ ಇದ್ದಂತೆ ನಾಲ್ಕೂ ದಿಕ್ಕಿಗೆ ಚದುರುತ್ತದೆ. ದೀಪದ ಪಾದವನ್ನು ದಿಗಂತಕ್ಕೆ ತಳ್ಳಿದರೆ ಕೋಣೆಯೊಳಗೆ ಬಯಲಿನ ಬಿಸಿಲು ಬಿದ್ದಂತೆ ಕಾಣುತ್ತದೆ. ನನಗೆ ಬರುವ ಚಿತ್ರಗಳಲ್ಲಿ ನಾನು ಮೊದಲು ನೋಡುವುದೇ ಈ ತಪ್ಪು ಇದೆಯೇ ಎಂದು.

## ಹಂತ 3: ದೀಪದ ನೆರಳು, ಒಂದೇ ಕಡ್ಡಿಯಿಂದ

ಪೆಟ್ಟಿಗೆಗೆ ಕೈ ಹಾಕಬೇಡಿ, ಒಂದು ಕಡ್ಡಿಯಿಂದ ಆರಂಭಿಸಿ. ಎ3 ಹಾಳೆಯನ್ನು ಅಡ್ಡವಾಗಿ ಇಟ್ಟು, ಕೆಳ ಅಂಚಿನಿಂದ 20 ಸೆಂ.ಮೀ. ಎತ್ತರದಲ್ಲಿ ದಿಗಂತರೇಖೆ ಎಳೆಯಿರಿ. ಕೆಳಗಿನ ಜೋಡಿ ಅಂಕಿಗಳಲ್ಲಿ ಮೊದಲನೆಯದು ಎಡ ಅಂಚಿನಿಂದ, ಎರಡನೆಯದು ಕೆಳ ಅಂಚಿನಿಂದ, ಎರಡೂ ಸೆಂ.ಮೀ.ಗಳಲ್ಲಿ.

1. ದೀಪದ ಪಾದ ‘ಪಾ’: 12, 11. ದೀಪದ ಕುಡಿ ‘ದೀ’: 12, 24. ಎರಡೂ ಒಂದೇ ನೇರ ಗೆರೆಯಲ್ಲಿವೆ.
2. ಕಡ್ಡಿಯ ಬುಡ ‘ಬು’: 20, 9. ತುದಿ ‘ತು’: 20, 14.
3. ‘ಪಾ’ದಿಂದ ‘ಬು’ವಿನ ಮೂಲಕ ನೀಲಿ ಗೆರೆ ಎಳೆದು ಮುಂದುವರಿಸಿ. ಇದು ದಿಕ್ಕು.
4. ‘ದೀ’ಯಿಂದ ‘ತು’ವಿನ ಮೂಲಕ ಕೆಂಪು ಗೆರೆ ಎಳೆದು ಮುಂದುವರಿಸಿ. ಇದು ಉದ್ದವನ್ನು ನಿರ್ಧರಿಸುತ್ತದೆ.
5. ಎರಡೂ ಕೂಡುವ ಜಾಗ 25, 7.75. ‘ಬು’ವಿನಿಂದ ಅಲ್ಲಿಯವರೆಗೆ ಕಡ್ಡಿಯ ನೆರಳು.

ನಿಮ್ಮ ಗೆರೆಗಳು ಎರಡು ಮಿಲಿಮೀಟರಿಗಿಂತ ಹೆಚ್ಚು ತಪ್ಪಿದ್ದರೆ ಪೆನ್ಸಿಲ್ ಮೊಂಡಾಗಿದೆ, ಇಲ್ಲವೇ ಅಳತೆಪಟ್ಟಿ ಜಾರಿದೆ. ಮುಂದೆ ಹೋಗಬೇಡಿ, ಇನ್ನೊಮ್ಮೆ ಮಾಡಿ.

ಪೆಟ್ಟಿಗೆ ಎಂದರೆ ನಾಲ್ಕು ಕಡ್ಡಿ. ನಾಲ್ಕು ನಿಂತ ಅಂಚುಗಳಿಗೂ ಇದನ್ನೇ ಮಾಡಿ, ಸಿಕ್ಕ ತುದಿಗಳನ್ನು ಮೇಲಿನ ಮುಖದ ಮೂಲೆಗಳ ಸರದಿಯಲ್ಲೇ ಸೇರಿಸಿ. ಪೆಟ್ಟಿಗೆಯ ಮೇಲಂಚುಗಳು ನೆಲಕ್ಕೆ ಸಮಾಂತರವಾಗಿರುವುದರಿಂದ ಅವುಗಳ ನೆರಳೂ ಅದೇ ಅಂಚಿಗೆ ಸಮಾಂತರ. ಅಂದರೆ ಅಂಚು ಯಾವ ಲಯಬಿಂದುವಿಗೆ (ಸಮಾಂತರ ಗೆರೆಗಳು ದೂರದಲ್ಲಿ ಕೂಡಿದಂತೆ ಕಾಣುವ ಬಿಂದು, ತರಗತಿಯಲ್ಲಿ ವ್ಯಾನಿಷಿಂಗ್ ಪಾಯಿಂಟ್ ಎನ್ನುವುದು ಇದನ್ನೇ) ಹೋಗುತ್ತದೆಯೋ ಅದರ ನೆರಳೂ ಅಲ್ಲಿಗೇ ಹೋಗಬೇಕು. ಬಿಟ್ಟಿಯಾಗಿ ಸಿಕ್ಕ ತಾಳೆ ಇದು, ಪ್ರತಿ ಪೆಟ್ಟಿಗೆಯಲ್ಲೂ ಬಳಸಿಕೊಳ್ಳಿ.

ತೂಗುಬಲ್ಬಿನ ಪಾದ. ದೀಪಸ್ತಂಭಕ್ಕೆ ಪಾದ ಕಣ್ಣಿಗೇ ಕಾಣುತ್ತದೆ. ಸೂರಿನಿಂದ ತೂಗುವ ಬಲ್ಬಿನ ಪಾದವನ್ನು ಅಂದಾಜಿನಲ್ಲಿ ಇಡುವವರೇ ಹೆಚ್ಚು, ಅಲ್ಲಿಗೆ ಕೋಣೆಯ ನೆರಳುಗಳೆಲ್ಲ ಕೆಟ್ಟಂತೆ. ಚಾವಣಿಯ ಕೊಕ್ಕೆಯಿಂದ ಒಂದು ಲಯಬಿಂದುವಿನ ಗೆರೆ ಹಿಡಿದು ಗೋಡೆಯವರೆಗೆ ಹೋಗಿ, ಗೋಡೆಯ ಮೇಲೆ ನೇರ ಕೆಳಗಿಳಿದು, ಅದೇ ಲಯಬಿಂದುವಿನ ಗೆರೆಯಲ್ಲಿ ನೆಲದ ಮೇಲೆ ವಾಪಸು ಬನ್ನಿ. ಕೊಕ್ಕೆಯಿಂದ ಇಳಿಬಿಟ್ಟ ನೇರ ಗೆರೆಯನ್ನು ಅದು ಕತ್ತರಿಸುವ ಜಾಗವೇ ಪಾದ.

ಎಚ್ಚರಿಕೆಯ ಗುರುತು. ನೀಲಿಯೂ ಕೆಂಪೂ ಕೂಡುತ್ತಲೇ ಇಲ್ಲ, ಅಥವಾ ಹಿಂದುಗಡೆ ಕೂಡುತ್ತಿವೆ ಎಂದಾದರೆ ವಸ್ತುವಿನ ತುದಿ ದೀಪಕ್ಕಿಂತ ಎತ್ತರದಲ್ಲಿರಬಹುದು. ಹಾಗಿದ್ದರೆ ಆ ನೆರಳಿಗೆ ನೆಲದ ಮೇಲೆ ಕೊನೆಯಿಲ್ಲ. ಗೋಡೆ ಸಿಗುವವರೆಗೆ ಹೋಗುತ್ತದೆ, ಆಮೇಲೆ ಗೋಡೆ ಹತ್ತುತ್ತದೆ.

## ಹಂತ 4: ಬಿಸಿಲಿನ ಮೂರು ಸ್ಥಿತಿಗಳು

ಸೂರ್ಯ ಪಕ್ಕದಲ್ಲಿ. ಬಿಸಿಲು ಚಿತ್ರಕ್ಕೆ ಸರಿಯಾಗಿ ಎಡದಿಂದಲೋ ಬಲದಿಂದಲೋ ಬಂದರೆ ಲಯಬಿಂದುಗಳ ಗೊಡವೆಯೇ ಇಲ್ಲ. ನೀಲಿ ಗೆರೆಗಳೆಲ್ಲ ಹಾಳೆಯ ಕೆಳ ಅಂಚಿಗೆ ಸಮಾಂತರ, ಕೆಂಪು ಗೆರೆಗಳೆಲ್ಲ ಒಂದೇ ಕೋನದಲ್ಲಿ ಸಮಾಂತರ. 45 ಡಿಗ್ರಿಯ ಮೂಲೆಮಟ್ಟ ಜಾರಿಸಿದರೆ ಕಂಬ ಎಷ್ಟುದ್ದವೋ ನೆರಳೂ ಅಷ್ಟೇ ಉದ್ದ. 30 ಡಿಗ್ರಿಗೆ ಕಂಬದ 1.73 ಪಟ್ಟು, 60 ಡಿಗ್ರಿಗೆ 0.58 ಪಟ್ಟು. ಮೊದಲ ವಾರ ಇದರಲ್ಲೇ ಕೈ ಪಳಗಿಸಿ. ಆದರೆ ಈ ಪಟ್ಟುಗಳನ್ನು ಉಳಿದ ಎರಡು ಸ್ಥಿತಿಗಳಿಗೆ ಒಯ್ಯಬೇಡಿ, ಅಲ್ಲಿ ದೂರಕ್ಕೆ ಹೋದ ನೆರಳು ಹಾಳೆಯ ಮೇಲೆ ಕುಗ್ಗುತ್ತದೆ.

ಸೂರ್ಯ ಎದುರಿಗೆ. ಸೂರ್ಯನನ್ನು ಆಕಾಶದಲ್ಲಿ ಗುರುತಿಸಿ. ಅವನಿಂದ ನೇರ ಕೆಳಗೆ ದಿಗಂತರೇಖೆಯ ಮೇಲೆ ‘ನೆ’ ಎಂಬ ಬಿಂದು ಇಡಿ. ‘ನೆ’ಯಿಂದ ಕಂಬದ ಬುಡದ ಮೂಲಕ ನಿಮ್ಮ ಕಡೆಗೆ ನೀಲಿ ಗೆರೆ, ಸೂರ್ಯನಿಂದ ತುದಿಯ ಮೂಲಕ ಕೆಂಪು ಗೆರೆ. ನೆರಳುಗಳು ನಿಮ್ಮತ್ತ ಬೀಸಣಿಗೆಯಂತೆ ಅಗಲವಾಗುತ್ತ ಬರುತ್ತವೆ. ‘ನೆ’ ಸೂರ್ಯನಿಂದ ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ಸರಿದರೂ ಕಣ್ಣಿಗೆ ಚುಚ್ಚುತ್ತದೆ.

ಸೂರ್ಯ ಬೆನ್ನ ಹಿಂದೆ. ಹೆಚ್ಚಿನವರು ಕೈ ಚೆಲ್ಲುವುದು ಇಲ್ಲಿ. ಸೂರ್ಯ ಚಿತ್ರದಲ್ಲೇ ಇಲ್ಲ, ಮತ್ತೆ ಕಿರಣ ಎಲ್ಲಿಂದ ಎಳೆಯುವುದು? ಕಿರಣ ಎಲ್ಲಿಂದ ಬಂತು ಎಂಬುದನ್ನು ಬಿಟ್ಟು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಸಮಾಂತರ ಕಿರಣಗಳು ನಿಮ್ಮನ್ನು ದಾಟಿ ಮುಂದಕ್ಕೂ ಕೆಳಕ್ಕೂ ಹೋಗುತ್ತ ದಿಗಂತರೇಖೆಯ ಕೆಳಗಿನ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅದನ್ನು ‘ಕಿ’ ಎನ್ನೋಣ. ಇಲ್ಲಿ ‘ನೆ’ ಎಂದರೆ ನೆಲದ ನೆರಳುಗಳು ದೂರಕ್ಕೆ ಹೋಗುತ್ತ ದಿಗಂತರೇಖೆಯ ಮೇಲೆ ಕೂಡುವ ಬಿಂದು. ‘ಕಿ’ ಅದರ ನೇರ ಕೆಳಗೇ ಇರಬೇಕು. ಸೂರ್ಯ ಬೆನ್ನ ಎಡಕ್ಕಿದ್ದರೆ ಇವೆರಡೂ ಬಲಕ್ಕೆ.

ಮತ್ತೊಂದು ಹಾಳೆ, ಅದೇ 20 ಸೆಂ.ಮೀ. ದಿಗಂತ. ‘ನೆ’: 34, 20. ‘ಕಿ’: 34, 4. ಕಂಬದ ಬುಡ: 8, 6. ತುದಿ: 8, 16. ಬುಡದಿಂದ ‘ನೆ’ಗೆ ನೀಲಿ, ತುದಿಯಿಂದ ‘ಕಿ’ಗೆ ಕೆಂಪು. ಎರಡೂ ಕೂಡುವುದು 18, 11.4ರಲ್ಲಿ. ಈ ಹಾಳೆಯನ್ನು ಎಸೆಯಬೇಡಿ, ಮುಂದಿನ ಹಂತದಲ್ಲಿ ಬೇಕು.

‘ಕಿ’ಯನ್ನು ಎಷ್ಟು ಕೆಳಗೆ ಇಡಬೇಕು? ಹಾಳೆಯನ್ನು 40 ಸೆಂ.ಮೀ. ದೂರದಿಂದ ನೋಡುತ್ತೀರಿ, ‘ನೆ’ ಹಾಳೆಯ ನಡುವೆ ಇದೆ ಎಂದಿಟ್ಟುಕೊಂಡರೆ, 45 ಡಿಗ್ರಿ ಬಿಸಿಲಿಗೆ ‘ಕಿ’ ದಿಗಂತದಿಂದ 40 ಸೆಂ.ಮೀ. ಕೆಳಗೆ, 60 ಡಿಗ್ರಿಗೆ ಸುಮಾರು 70 ಸೆಂ.ಮೀ. ಕೆಳಗೆ. ಎರಡೂ ಹಾಳೆಯಿಂದ ಹೊರಗೆ. ಕೆಳಗೆ ಹಾಸಿದ ದೊಡ್ಡ ಹಾಳೆಯ ಮೇಲೆ ಗುಂಡುಸೂಜಿ ಚುಚ್ಚಿ ದಾರ ಕಟ್ಟಿದರೆ ದಾರವೇ ಅಳತೆಪಟ್ಟಿ.

ಲೆಕ್ಕ ಬೇಡವೆಂದರೆ ನಾನು ಮಾಡುವ ಉಪಾಯ ಇದು. ಒಂದು ಕಂಬಕ್ಕೆ ಮಾತ್ರ, ‘ನೆ’ಗೆ ಹೋಗುವ ನೀಲಿ ಗೆರೆಯ ಮೇಲೆ, ಕಣ್ಣಿಗೆ ಒಪ್ಪುವಷ್ಟು ಉದ್ದಕ್ಕೆ ನೆರಳಿನ ತುದಿ ಗುರುತಿಸಿ. ಕಂಬದ ತುದಿಯಿಂದ ಆ ಗುರುತಿನ ಮೂಲಕ ಕೆಂಪು ಗೆರೆ ಎಳೆದು, ‘ನೆ’ಯ ಕೆಳಗಿನ ನೇರ ಗೆರೆಯನ್ನು ಮುಟ್ಟುವವರೆಗೆ ಒಯ್ಯಿರಿ. ಅಲ್ಲಿ ‘ಕಿ’ ಸಿಕ್ಕಿತು. ಮೊದಲ ಕಂಬ ನಿಮ್ಮ ಇಷ್ಟ. ಎರಡನೆಯದರಿಂದ ನಿಮ್ಮ ಇಷ್ಟಕ್ಕೆ ಜಾಗವಿಲ್ಲ.

## ಹಂತ 5: ಜಗಲಿ ಹತ್ತುವ ನೆರಳು

ಅಂಗಳದ ಕಂಬದ ನೆರಳು ಜಗಲಿಗೆ ಬಡಿದಾಗ ಏನಾಗುತ್ತದೆ? ಕೆಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಕೆಲವರು ಜಗಲಿ ಇಲ್ಲವೇ ಇಲ್ಲವೆಂಬಂತೆ ಓರೆಯಾಗಿ ಎಳೆದುಬಿಡುತ್ತಾರೆ.

ಕಂಬವನ್ನೂ ಅದರ ನೆರಳನ್ನೂ ಸೇರಿಸಿ ಒಂದು ನಿಂತ ತಗಡು ಇದೆ ಎಂದು ಕಲ್ಪಿಸಿಕೊಳ್ಳಿ. ಈಳಿಗೆಮಣೆಯ ಅಲಗು ಕುಂಬಳಕಾಯಿಯನ್ನು ಸೀಳಿದಂತೆ ಆ ತಗಡು ಜಗಲಿಯನ್ನೂ ಗೋಡೆಯನ್ನೂ ಸೀಳಿಕೊಂಡು ಹೋಗುತ್ತದೆ. ಸೀಳು ಎಲ್ಲೆಲ್ಲಿ ಕಾಣುತ್ತದೆಯೋ ಅಲ್ಲೆಲ್ಲ ನೆರಳು. ತಗಡು ನೆಟ್ಟಗೆ ನಿಂತಿರುವುದರಿಂದ ನಿಂತ ಮುಖಗಳ ಮೇಲೆ ಸೀಳು ನೇರ ಮೇಲಕ್ಕೆ ಹೋಗುತ್ತದೆ. ಮಲಗಿದ ಮುಖಗಳ ಮೇಲೆ, ಎಷ್ಟೇ ಎತ್ತರದಲ್ಲಿರಲಿ, ಮತ್ತೆ ‘ನೆ’ಯ ಕಡೆಗೇ ಹೋಗುತ್ತದೆ.

ಹಿಂದಿನ ಹಾಳೆಯಲ್ಲಿ ಮಾಡಿ ನೋಡಿ.

1. ನೀಲಿ ಗೆರೆ ಜಗಲಿಯ ಬುಡವನ್ನು 13, 8.7ರಲ್ಲಿ ಮುಟ್ಟಿತು ಎನ್ನಿ.
2. ಅಲ್ಲಿಂದ ನೇರ ಮೇಲಕ್ಕೆ, ಜಗಲಿಯ ಅಂಚಿನವರೆಗೆ: 13, 10.2.
3. ಅಂಚಿನಿಂದ ಮತ್ತೆ ‘ನೆ’ಯ ಕಡೆಗೆ. ಮನೆಯ ಗೋಡೆ 15.5, 11.4ರಲ್ಲಿ ಸಿಕ್ಕಿತು.
4. ಗೋಡೆಯ ಮೇಲೆ ನೇರ ಮೇಲಕ್ಕೆ, ಕೆಂಪು ಗೆರೆ ಅಡ್ಡ ಬರುವವರೆಗೆ: 15.5, 12.5. ಅಲ್ಲಿಗೆ ನೆರಳು ಮುಗಿಯಿತು.

ಕೆಂಪು ಗೆರೆ ಮೊದಲಿನದೇ ಎಂಬುದನ್ನು ಗಮನಿಸಿ. ಜಗಲಿಗೊಂದು, ಗೋಡೆಗೊಂದು ಹೊಸ ಕಿರಣ ಎಳೆಯುವುದು ದೊಡ್ಡ ತಪ್ಪು. ಮೂರು ಮೆಟ್ಟಿಲಿರಲಿ, ಮೂವತ್ತಿರಲಿ, ಒಂದು ತುದಿಗೆ ಒಂದೇ ಕಿರಣ. ಮೆಟ್ಟಿಲುಗಳ ಮೇಲೆ ನೆರಳು ಮೇಲಕ್ಕೆ, ‘ನೆ’ಗೆ, ಮೇಲಕ್ಕೆ, ‘ನೆ’ಗೆ ಎಂದು ಹತ್ತುತ್ತ ಹೋಗಿ ಕಿರಣ ಸಿಕ್ಕ ಕೂಡಲೇ ನಿಲ್ಲುತ್ತದೆ.

## ಹಂತ 6: ಸೂರು, ಇಳಿಜಾರು, ಹಗ್ಗ, ಬಿಂದಿಗೆ

ಸೂರಿನ ನೆರಳು. ಸೂರಿನ ಅಂಚು ಗೋಡೆಗೆ ಸಮಾಂತರವಾಗಿರುವುದರಿಂದ ಅದರ ನೆರಳೂ ಸಮಾಂತರ, ಒಂದು ಬಿಂದು ಸಿಕ್ಕರೆ ಸಾಕು. ಸೂರಿನ ಮಟ್ಟದಲ್ಲೇ ಒಂದು ಚಪ್ಪಟೆ ಹಲಗೆ ಗೋಡೆಯವರೆಗೆ ಹಾಸಿದೆ ಎಂದು ಊಹಿಸಿ. ಅಂಚಿನ ಒಂದು ಬಿಂದುವಿನಿಂದ ಆ ಹಲಗೆಯ ಮೇಲೆ ‘ನೆ’ಯ ಕಡೆಗೆ ಗೆರೆ ಎಳೆಯಿರಿ. ಗೋಡೆ ಮುಟ್ಟಿದಲ್ಲಿಂದ ನೇರ ಕೆಳಗಿಳಿಯಿರಿ. ಅದೇ ಬಿಂದುವಿನಿಂದ ‘ಕಿ’ಗೆ ಹೋಗುವ ಕೆಂಪು ಗೆರೆ ಅದನ್ನು ಕತ್ತರಿಸಿದ ಜಾಗದ ಮೂಲಕ ಗೋಡೆಯ ಲಯಬಿಂದುವಿಗೆ ಗೆರೆ ಎಳೆದರೆ ಸೂರಿನ ನೆರಳು ಸಿದ್ಧ. ಹೆಂಚಿನ ಮನೆ ಬರೆಯುವವರು ಈ ಒಂದು ನೆರಳನ್ನು ಸರಿಯಾಗಿ ಹಾಕಿದರೆ ಅರ್ಧ ಚಿತ್ರ ಗೆದ್ದಂತೆ.

ಇಳಿಜಾರು. ಇಳಿಜಾರಿಗೆ ಬೇರೆ ಲಯಬಿಂದು ಹುಡುಕುವ ವಿಧಾನವೂ ಇದೆ, ಆದರೆ ಕಲಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ತಗಡಿನ ಸೀಳೇ ಸಾಕು. ನೀಲಿ ಗೆರೆಯನ್ನು ಇಳಿಜಾರಿನ ಅಡಿಯಲ್ಲೇ ಮುಂದುವರಿಸಿ, ಹಿಂದಿನ ನಿಂತ ಮುಖದ ಬುಡ ಮುಟ್ಟಿಸಿ, ಅಲ್ಲಿಂದ ನೇರ ಮೇಲೆ ಇಳಿಜಾರಿನ ತಲೆಯಂಚಿಗೆ ಏರಿಸಿ. ನೆಲದಲ್ಲಿ ಇಳಿಜಾರು ಆರಂಭವಾಗುವ ಬಿಂದುವನ್ನೂ ಇದನ್ನೂ ಸೇರಿಸಿದರೆ ನೆರಳಿನ ದಾರಿ. ಕೆಂಪು ಗೆರೆ ಅದನ್ನು ಕತ್ತರಿಸಿದಲ್ಲಿ ತುದಿ.

ವಾಲಿದ ಏಣಿ, ಬಟ್ಟೆ ಹಗ್ಗ, ತೂಗುವ ಗಂಟೆ. ನೆಲ ಮುಟ್ಟದ ಬಿಂದುವಿಗೆ ನೆರಳು ಹುಡುಕಬೇಕಾದರೆ ಮೊದಲು ಅದರಿಂದ ನೆಲಕ್ಕೆ ತೂಗುಗುಂಡು ಇಳಿಬಿಡಿ. ಸಿಕ್ಕ ಜಾಗವೇ ಬುಡ, ಉಳಿದದ್ದು ಹಂತ 3 ಅಥವಾ 4. ಏಣಿಯಾದರೆ ತಲೆಯ ನೆರಳನ್ನು ಏಣಿಯ ನಿಜವಾದ ಬುಡಕ್ಕೆ ಸೇರಿಸಿ. ಇಳಿಬಿಟ್ಟ ಬುಡಕ್ಕೆ ಸೇರಿಸಿದರೆ ನೆಟ್ಟಗೆ ನಿಂತ ಏಣಿಯ ನೆರಳಾಗುತ್ತದೆ. ತೂಗುವ ವಸ್ತುವಿನ ನೆರಳು ವಸ್ತುವಿಗೆ ಅಂಟಿಕೊಂಡಿರುವುದಿಲ್ಲ. ಅಂಟಿಸಿದರೆ ಗಂಟೆ ನೆಲದ ಮೇಲೆ ಕೂತಿರುತ್ತದೆ.

ಬಿಂದಿಗೆ. ದುಂಡಗಿನ ವಸ್ತುವನ್ನು ಒಂದರ ಮೇಲೊಂದು ಇಟ್ಟ ತಟ್ಟೆಗಳೆಂದು ನೋಡಿ: ಬಾಯಿ, ಕತ್ತು, ಹೊಟ್ಟೆ, ತಳ. ನಡುವಿನ ಅಕ್ಷವೇ ಕಂಬ. ಪ್ರತಿ ತಟ್ಟೆಯ ನಡುಬಿಂದುವಿನ ನೆರಳು ಹುಡುಕಿ. ಬಿಸಿಲಿನಲ್ಲಿ ಮಲಗಿದ ತಟ್ಟೆಯ ನೆರಳು ನೆಲದ ಮೇಲೆ ಅದೇ ಅಳತೆಯ ವೃತ್ತ, ದೀಪದಲ್ಲಿ ದೊಡ್ಡ ವೃತ್ತ. ಆ ಜಾಗಕ್ಕೆ ತಕ್ಕ ಅಂಡಾಕಾರ ಎಳೆದು, ಎಲ್ಲ ಅಂಡಾಕಾರಗಳನ್ನೂ ಹೊರಗಿನಿಂದ ಸವರಿಕೊಂಡು ಹೋಗುವ ಒಂದು ಗೆರೆ ಎಳೆದರೆ ಬಿಂದಿಗೆಯ ನೆರಳು. ನಾಲ್ಕು ತಟ್ಟೆ ಸಾಕು, ಹತ್ತು ಮಾಡಿ ತಲೆನೋವು ತಂದುಕೊಳ್ಳಬೇಡಿ.

## ಹಂತ 7: ತುಂಬುವುದು

ಮೊದಲು ಮೈನೆರಳು, ಅಂದರೆ ವಸ್ತುವಿನ ಮೇಲೇ ಬೆಳಕು ತಾಗದ ಮುಖಗಳು. ಆಮೇಲೆ ಬೀಳುನೆರಳು. ಇವೆರಡೂ ಒಂದೇ ಅಂಚಿನಲ್ಲಿ ಹುಟ್ಟಬೇಕು: ಯಾವ ಅಂಚಿನಲ್ಲಿ ಬಿಸಿಲು ಮುಗಿಯುತ್ತದೆಯೋ ಆ ಅಂಚಿನ ನೆರಳೇ ನೆಲದ ನೆರಳಿನ ಗಡಿ. ಬಿಸಿಲಿಗೆ ಮುಖ ಮಾಡಿದ ಗೋಡೆಯ ಬುಡದಿಂದ ನೆರಳು ಹೊರಟಿದ್ದರೆ ಎಲ್ಲೋ ಎಡವಿದ್ದೀರಿ.

ಅಂಚನ್ನು ಎಲ್ಲ ಕಡೆ ಒಂದೇ ಚೂಪಿಗೆ ಕೊರೆಯಬೇಡಿ. ಸೂರ್ಯ ಚುಕ್ಕಿಯಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳು ಕೊಡುವ ಅಂಚು ಎಷ್ಟು ದೂರವೋ ಅದರ ನೂರನೆಯ ಒಂದು ಭಾಗದಷ್ಟು ಮಸುಕು ಬರುತ್ತದೆ. ಮೂರು ಮೀಟರ್ ದೂರಕ್ಕೆ ಮೂರು ಸೆಂಟಿಮೀಟರ್. ಕಂಬದ ಬುಡದಲ್ಲಿ ನೆರಳು ಕತ್ತರಿಸಿದಂತೆ, ತುದಿಯಲ್ಲಿ ಹೊಗೆಯಂತೆ. ಬಯಲಿನ ನೆರಳಿಗೆ ಆಕಾಶದ ತಿಳಿನೀಲಿ ಸೇರಿರುತ್ತದೆ. ಬರೀ ಕಪ್ಪು ಬಳಿದರೆ ನೆಲದಲ್ಲಿ ಗುಂಡಿ ತೋಡಿದಂತಾಗುತ್ತದೆ. ಎರಡು ದೀಪಗಳಿದ್ದರೆ ಎರಡು ನೆರಳು ಬೇರೆಬೇರೆ, ಒಂದರ ಮೇಲೊಂದು ಬಿದ್ದಲ್ಲಿ ಮಾತ್ರ ಹೆಚ್ಚು ಕಪ್ಪು.

## ನಮ್ಮ ಬಿಸಿಲಿಗೆ ನಮ್ಮ ಲೆಕ್ಕ

ಉತ್ತರದ ತಂಪು ದೇಶಗಳ ಪಾಠಗಳನ್ನು ನೋಡಿ ನಡುಹಗಲಿಗೂ ಉದ್ದುದ್ದ ನೆರಳು ಹಾಕುವವರಿದ್ದಾರೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ ಮತ್ತು ಸೆಪ್ಟೆಂಬರ್ ಮೂರನೆಯ ವಾರದ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ 77 ಡಿಗ್ರಿ ಎತ್ತರದಲ್ಲಿರುತ್ತಾನೆ. ಒಂದು ಮೀಟರ್ ಕೋಲಿಗೆ 23 ಸೆಂ.ಮೀ. ನೆರಳು. ನೆರಳು ಅತಿ ಉದ್ದವಾಗುವ ಡಿಸೆಂಬರ್ ನಡುಹಗಲಿನಲ್ಲೂ 74 ಸೆಂ.ಮೀ. ಮೀರುವುದಿಲ್ಲ. ಏಪ್ರಿಲ್ 24–25 ಮತ್ತು ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ. ನಡುಹಗಲಲ್ಲಿ ನೆಟ್ಟ ಕೋಲಿಗೆ ನೆರಳೇ ಇಲ್ಲ. ಈ ಎರಡು ದಿನಗಳ ನಡುವೆ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದು, ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೇ ತಿಂಗಳ ಜಾತ್ರೆಯ ಚಿತ್ರ ಬರೆಯುವಾಗ ಇದು ನೆನಪಿರಲಿ. ಉದ್ದ ನೆರಳು ಬೇಕೇಬೇಕೆಂದರೆ ಬೆಳಗಿನ ಎಂಟು ಗಂಟೆ ಅಥವಾ ಸಂಜೆ ಐದರ ಬಿಸಿಲನ್ನು ಆರಿಸಿಕೊಳ್ಳಿ. ಹಂತ 4ರ ಹಾಳೆಯ ಬಿಸಿಲು ಅಂಥದೇ.

## ಅಳಿಸುವ ಮುನ್ನ ಪರೀಕ್ಷೆ

ಕೆಂಪು, ನೀಲಿ ಗೆರೆಗಳನ್ನು ಅಳಿಸುವ ಮೊದಲು ಇಷ್ಟು ನೋಡಿ.

- ನೆಲದ ನೆರಳು ಎಲ್ಲಾದರೂ ದಿಗಂತರೇಖೆಯನ್ನು ದಾಟಿ ಮೇಲೆ ಹೋಗಿದೆಯೇ? ಸಮತಟ್ಟು ನೆಲದಲ್ಲಿ ಅದು ಸಾಧ್ಯವೇ ಇಲ್ಲ.
- ನಿಂತ ಅಂಚುಗಳ ನೆಲದ ನೆರಳೆಲ್ಲ ಒಂದೇ ಬಿಂದುವಿಗೆ (ಸೂರ್ಯ ಪಕ್ಕದಲ್ಲಿದ್ದರೆ ಸಮಾಂತರವಾಗಿ) ಹೋಗುತ್ತಿವೆಯೇ? ಒಂದು ಮಾತ್ರ ತಪ್ಪಿದ್ದರೆ ಅದರ ಬುಡ ತಪ್ಪು ಜಾಗದಲ್ಲಿದೆ. ಎಲ್ಲವೂ ತಪ್ಪಿದ್ದರೆ ‘ನೆ’ ಅಥವಾ ‘ಪಾ’ ತಪ್ಪಿದೆ.
- ನಿಂತ ಗೋಡೆಯ ಮೇಲೆ ನಿಂತ ಕಂಬದ ನೆರಳು ವಾಲಿದೆಯೇ? ಕಂಬ ವಾಲಿಲ್ಲದಿದ್ದರೆ ನೆರಳು ವಾಲಬಾರದು.

ಅನುಮಾನ ಉಳಿದರೆ ಕೋಣೆ ಕತ್ತಲು ಮಾಡಿ, ಬೆಂಕಿಪೊಟ್ಟಣ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬಿಸಿಲಿಗೆ ಇನ್ನೂ ಒಳ್ಳೆಯ ಪರೀಕ್ಷೆಯೆಂದರೆ ಫೋಟೋ. ಅಂಗಳದಲ್ಲಿ ಎರಡು ಕೋಲು ನೆಟ್ಟು, ಸೂರ್ಯ ಬೆನ್ನ ಹಿಂದಿರುವಂತೆ ನಿಂತು ಫೋಟೋ ತೆಗೆದು ಮುದ್ರಿಸಿಕೊಳ್ಳಿ. ಬುಡದಿಂದ ನೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದರೆ ‘ನೆ’ ಸಿಗುತ್ತದೆ. ಕೋಲಿನ ತುದಿಯಿಂದ ನೆರಳಿನ ತುದಿಗೆ ಎರಡು ಗೆರೆ ಎಳೆದರೆ ‘ಕಿ’. ಎರಡನೆಯದು ಮೊದಲನೆಯದರ ನೇರ ಕೆಳಗೆ ಬರಬೇಕು. ಬಾರದಿದ್ದರೆ ಸೂರ್ಯನನ್ನು ದೂರಬೇಡಿ, ಮೊಬೈಲನ್ನು ಓರೆಯಾಗಿ ಹಿಡಿದಿದ್ದೀರಿ ಅಥವಾ ಕೋಲು ನೆಟ್ಟಗಿಲ್ಲ. ಸರಿಪಡಿಸಿ ಇನ್ನೊಂದು ಫೋಟೋ ತೆಗೆಯಿರಿ.